ಫೋರ್ಕಿನೊಳಗಿನ ಅಕ್ಷರ

ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವ ಕಾಲದಲ್ಲೋ ಕಬ್ಬಿಣ ಒತ್ತುವ ಪ್ರೆಸ್ಸಿನ ಕೆಳಗೆ ಸಿಕ್ಕಿ ಹೋದದ್ದು ಮತ್ತೆ ಬೆಳೆಯಲಿಲ್ಲವಂತೆ. ಅಲ್ಲಿ ಕೂಸಿನ ಹಿಮ್ಮಡಿಯಷ್ಟು ಮೆತ್ತಗಿನ ಚರ್ಮವಿತ್ತು. ಕೈಯೆಲ್ಲ ಎಣ್ಣೆ ಮೆತ್ತಿ ಕಪ್ಪಾಗಿದ್ದರೂ ಅದೊಂದನ್ನು ಮಾತ್ರ ಸದಾ ಒರೆಸಿ ಸ್ವಚ್ಛ ಇಟ್ಟುಕೊಳ್ಳುತ್ತಿದ್ದರು. ಬೈಕಿನ ಮುಂದಿನ ಚಕ್ರ ಹಿಡಿದು ಏಟು ತಡೆಯುವ ಫೋರ್ಕಿನ ಕೊಳವೆಯ ಮೇಲೆ ಆ ಹೆಬ್ಬೆರಳನ್ನು ಮೇಲಿಂದ ಕೆಳಗೆ ನಿಧಾನವಾಗಿ ಎಳೆಯುವರು. ಕಣ್ಣಿಗೆ ಕಾಣದ ಗೀರಿದ್ದರೂ ಬೆರಳು ಅಲ್ಲೇ ನಿಲ್ಲುತ್ತಿತ್ತು. "ಉಗುರು ಒಮ್ಮೊಮ್ಮೆ ಸುಳ್ಳು ಹೇಳತದವಾ, ಚರ್ಮ ಹೇಳಂಗಿಲ್ಲ" ಎನ್ನುತ್ತಿದ್ದರು. ನಾನು ಪೆದ್ದಿ, ಅದನ್ನು ಪೂರ್ತಿ ನಂಬಿದ್ದೆ.

ನಾವೆಲ್ಲ ಅವರನ್ನು ಮಿಸ್ತ್ರಿ ಕಾಕಾ ಅನ್ನುತ್ತಿದ್ದೆವು. ಊರು ಬೆಳಗಾವಿ ಕಡೆ. ಪುಣೆಯ ಭೋಸರಿಯಲ್ಲಿ ಲೇಥ್ ಅಂಗಡಿಗಳ ಸಾಲಿನ ಹಿಂದೆ ತಗಡಿನ ಶೆಡ್ಡು. ಮಣ್ಣಿನ ದಿಬ್ಬಗಳ ಮೇಲೆ ಡರ್ಟ್ ಬೈಕ್ ಓಡಿಸುವ ನಮ್ಮಂಥ ಹುಚ್ಚರಿಗೆ ಅದೇ ಆಸ್ಪತ್ರೆ. ನಾನು ಪುಣೆಯದೇ ಖಡಕಿಯಲ್ಲಿ ಹುಟ್ಟಿ ಬೆಳೆದವಳು, ಮನೆಯೊಳಗೆ ಧಾರವಾಡದ ಮಾತು, ಹೊಸ್ತಿಲು ದಾಟಿದರೆ ಮರಾಠಿ. ಮೊದಲ ದಿನ ಗಾಡಿ ತಳ್ಳಿಕೊಂಡು ಹೋದಾಗ ಇಬ್ಬರೂ ಮರಾಠಿಯಲ್ಲೇ ಚೌಕಾಸಿ ನಡೆಸಿದೆವು. ನಡುವೆ ಅವ್ವನ ಫೋನು ಬಂತು. "ಹೂಂನವಾ, ಊಟಕ್ಕ ಬರ್ತೀನಿ" ಎಂದೆ. ಕಾಕಾ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟರು. "ಅಯ್ಯ ಇಕೀನ! ನಮ್ಮಾಕಿ ಏನ ನೀ? ಮೊದಲ ಹೇಳಬಾರದ?" ಅಂದಿನಿಂದ ಚಹಾ ಬಂತು, ಚೌಕಾಸಿ ಹೋಯಿತು, ನಾನು 'ಮಗಳ' ಆದೆ.

ನನ್ನ ಎಡ ಮಣಿಕಟ್ಟಿನಲ್ಲಿ, ಮುರಿದ ಎಲುಬಿಗೆ ಹಾಕಿದ ಒಂದು ಲೋಹದ ಪ್ಲೇಟ್ ಇದೆ. ನನ್ನದು ಸಣ್ಣ ಗಾಡಿ, ಅದರ ಫೋರ್ಕು ಮೆತ್ತಗೆ. ಜಿಗಿದು ನೆಲಕ್ಕೆ ಬಿದ್ದಾಗ ಪೂರ್ತಿ ಕುಸಿದು ಠಣ್ ಅಂತ ತಳಕ್ಕೆ ಹೊಡೆಯುತ್ತಿತ್ತು, ಆ ಏಟೆಲ್ಲ ಕೈಗೆ. ಒಮ್ಮೆ ಹಾಗೇ ಮಣಿಕಟ್ಟು ಮುರಿಯಿತು. "ಇನ್ನೊಮ್ಮೆ ಇಲ್ಲೇ ಮುರಿದರೆ ಗಾಡಿ ಮರೆತುಬಿಡಿ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಂದರೆ ನನಗೆ ಉಳಿದದ್ದು ಎರಡೇ ದಾರಿ, ಒಳ್ಳೆಯ ಫೋರ್ಕು ಹಾಕಿಸುವುದು ಅಥವಾ ಓಡಿಸುವುದನ್ನು ಬಿಡುವುದು. ಬಾರಾಮತಿಯ ಹತ್ತಿರ ಕಬ್ಬು ಕಡಿದ ಬಯಲಿನಲ್ಲಿ ರೇಸ್ ಇತ್ತು, ಹೆಂಗಸರಿಗೆ ಬೇರೆಯ ಓಟವಿತ್ತು. ಅದಕ್ಕಾಗಿ ಜೀವ ಬಿಡುತ್ತಿದ್ದೆ.

ಕಾಕಾ ಎಲ್ಲಿಂದಲೋ ಒಂದು ದೊಡ್ಡ ಗಾಡಿಯ ಫೋರ್ಕು ಹುಡುಕಿ ತಂದರು. ಒಂದು ಮಾಡೆಲಿನದು ಇನ್ನೊಂದಕ್ಕೆ ಸುಮ್ಮನೆ ಕೂಡುವುದಿಲ್ಲ. ನನ್ನ ಗಾಡಿಯ ಹ್ಯಾಂಡಲ್ ತಿರುಗುವ ಕಂಬಿಯನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು, ದೊಡ್ಡ ಗಾಡಿಯ ಫೋರ್ಕು ಹಿಡಿಯುವ ಕ್ಲ್ಯಾಂಪಿಗೆ ಕೂಡಿಸಬೇಕು. ದಪ್ಪ ಸಾಲದಿದ್ದರೆ ನಡುವೆ ತುಂಬಲು ಲೇಥಿನಲ್ಲಿ ಬುಶ್ ಎಂಬ ಬಳೆ ಮಾಡಿಸಬೇಕು. ಚಕ್ರದ ಆಕ್ಸಲ್ಲು ಬೇರೆ, ಬ್ರೇಕು ಬೇರೆ, ಆದ್ದರಿಂದ ಚಕ್ರವೂ ದೊಡ್ಡ ಗಾಡಿಯದೇ ಬೇಕು. "ಕಾಲು ಅವನದು ತಂದ್ರ ಚಪ್ಪಲಿನೂ ಅವನದಽ ತರಬೇಕವಾ" ಎಂದು ನಕ್ಕಿದ್ದರು. ನೋಡುತ್ತ ನಿಲ್ಲಲು ಬಿಡಲಿಲ್ಲ. ಬಿಚ್ಚುವುದು, ಎಣ್ಣೆ ಅಳೆಯುವುದು, ಎಣ್ಣೆ ಸೋರದಂತೆ ಸೀಲ್ ಕೂಡಿಸುವುದು, ಎಲ್ಲ ನನ್ನ ಕೈಯಿಂದಲೇ ಮಾಡಿಸಿದರು. ಅಷ್ಟು ತಾಳ್ಮೆಯಿಂದ ನನಗೆ ಯಾರೂ ಏನನ್ನೂ ಕಲಿಸಿಲ್ಲ. ಇದನ್ನು ಹೇಳುವಾಗಲೂ ಸಿಟ್ಟು ಬರುತ್ತದೆ, ಆದರೂ ಹೇಳಬೇಕು.

ಅವರದೊಂದು ಪದ್ಧತಿಯಿತ್ತು. ಫೋರ್ಕಿನ ಎರಡೂ ಕಾಲಿನೊಳಗೆ ಡ್ಯಾಂಪರ್ ಎಂಬ ಒಂದೊಂದು ಸಣ್ಣ ಕೊಳವೆ ಇರುತ್ತದೆ. ಫೋರ್ಕು ಒಮ್ಮೆಲೇ ಕುಸಿಯದಂತೆ ತಡೆಯುವುದು ಅದೇ. ಯಾರ ಗಾಡಿ ಮಾಡಿದರೂ ಅದರ ತುದಿಗೆ ಉಳಿಯಿಂದ ಒಂದು ಕನ್ನಡ ಅಕ್ಷರ ಕೊರೆಯುತ್ತಿದ್ದರು, ಕೂಡಿಸುವಾಗ ಅದಲುಬದಲಾಗದಿರಲಿ ಎಂದು. "ಈ ಗಲ್ಲಿಯಾಗ ಯಾರಿಗೂ ಓದಾಕ ಬರಂಗಿಲ್ಲ. ಕೀಲಿ ಹಾಕಿದಂಗ" ಎನ್ನುತ್ತಿದ್ದರು. ನನ್ನ ಎರಡು ಡ್ಯಾಂಪರಿಗೂ 'ಮ' ಕೊರೆದರು. ನನ್ನ ಹೆಸರಿನಲ್ಲಿ 'ಮ' ಇಲ್ಲವಲ್ಲ ಎಂದೆ. "ಹೆಸರಿಂದಲ್ಲವಾ. ಮಗಳು ಅಂತ" ಎಂದರು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ, ಕಣ್ಣು ತುಂಬಿದ್ದವು.

ರೇಸಿಗೆ ವಾರವಿದ್ದಾಗ "ಸೀಲ್ ಹೊಸಾವು ಹಾಕ್ತೀನಿ, ಬಿಟ್ಟು ಹೋಗು" ಎಂದರು. ರೇಸಿನ ಹಿಂದಿನ ದಿನ ಗಾಡಿ ಶೆಡ್ಡಿನಿಂದ ನೇರ ಟೆಂಪೊ ಏರಿತು. ರೂಢಿಯಂತೆ ಹ್ಯಾಂಡಲ್ ಒತ್ತಿ ನೋಡಲು ಕೈ ಹಾಕಿದೆ. "ಇವತ್ತ ಒತ್ತಬ್ಯಾಡ ಮಗಳ. ಸೀಲ್ ಹಸಿ ಅದಾವ. ನಾಳೆ ತಾವಽ ಕೂಡತಾವ." ಒತ್ತಿ ನೋಡದೆ ಗಾಡಿ ಒಯ್ಯಬೇಡ ಎಂದು ಕಲಿಸಿದವರೇ ಹಾಗೆ ಹೇಳಿದರೆ ಯಾರು ಅನುಮಾನ ಪಡುತ್ತಾರೆ?

ಬೆಳಿಗ್ಗೆ ಓಟಕ್ಕೆ ಮುಂಚಿನ ಅಭ್ಯಾಸದ ಸುತ್ತು. ಮೊದಲ ದಿಬ್ಬ ಜಿಗಿದೆ. ಫೋರ್ಕು ತಡೆಯಲೇ ಇಲ್ಲ. ಅದೇ ಹಳೆಯ ಠಣ್. ಮಣಿಕಟ್ಟು ಮತ್ತೆ ಅಲ್ಲೇ ಮುರಿಯಿತು. ಪ್ರಥಮ ಚಿಕಿತ್ಸೆಯ ಟೆಂಟಿನಲ್ಲಿ ಮಲಗಿದ್ದಾಗ ಮೈಕಿನಲ್ಲಿ ಗಂಡಸರ ಓಟದ ಫಲಿತಾಂಶ ಕೂಗಿದರು. ಕಾಕಾನ ಅಳಿಯ, ಅವರ ಮಗಳ ಗಂಡ, ಎರಡನೆಯ ಸ್ಥಾನ ಗೆದ್ದಿದ್ದ. ಅವನದೂ ನನ್ನ ಫೋರ್ಕು ಬಂದ ಅದೇ ಮಾಡೆಲಿನ ದೊಡ್ಡ ಗಾಡಿ. ನೋವಿನಲ್ಲೂ ನನಗೆ ಖುಷಿಯಾಯಿತು, ನಮ್ಮ ಕಾಕಾನ ಅಳಿಯನಲ್ಲವೇ!

ಕಾಕಾ ಮೋಸಂಬಿ ಹಿಡಿದು ಆಸ್ಪತ್ರೆಗೆ ಬಂದರು. ತಲೆ ಸವರಿದರು. "ಮೈ ಹಿಂದಕ್ಕ ತಗೋಬೇಕಿತ್ತು ಮಗಳ. ಮುಂದ ಬಾಗಿಬಿಟ್ಟಿ" ಎಂದರು. ಅದನ್ನೂ ನಂಬಿದೆ. ತಪ್ಪು ನನ್ನದೇ ಎಂದು ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ, ಇನ್ನು ಓಡಿಸುವುದಿಲ್ಲವಲ್ಲ, ಫೋರ್ಕು ಮಾರೋಣವೆಂದು ಸ್ವಚ್ಛ ಮಾಡಲು ಕೂತೆ. ಅಪ್ಪ ಕೊಳವೆ ಹಿಡಿದರು, ನಾನು ಬಿಚ್ಚಿದೆ. ಒಳಗಿಂದ ಬಂದ ಡ್ಯಾಂಪರಿನ ದಂಡ ಸೊಟ್ಟಗಿತ್ತು. ತುದಿಯಲ್ಲಿದ್ದದ್ದು 'ಮ' ಅಲ್ಲ, 'ಅ'. ಇನ್ನೊಂದನ್ನು ಬಿಚ್ಚಿದೆ. ಅದೂ 'ಅ'. ಅಪ್ಪ "ಯಾರದವಾ ಇದು?" ಎಂದರು. 

ಎರಡನ್ನೂ ಚೀಲಕ್ಕೆ ಹಾಕಿಕೊಂಡು ಭೋಸರಿಗೆ ಹೋಗಿ ಅವರ ಮೇಜಿನ ಮೇಲಿಟ್ಟೆ. ಕಾಕಾ ಆ ಅಕ್ಷರದ ಮೇಲೆ ಹೆಬ್ಬೆರಳು ಎಳೆದರು.

"ಯಾಕ್ರಿ ಕಾಕಾ?"

"ಅಳಿಯನವು ಕೆಟ್ಟು ಹೋಗಿದ್ವು. ಹೊಸಾವು ಸಿಗಲಿಲ್ಲ, ನಿನ್ನವು ತಗದು ಅವನ ಗಾಡಿಗೆ ಹಾಕಿದೆ. 'ನಿಮ್ಮಪ್ಪ ಯಾವಾಕಿದೋ ಗಾಡಿಗೆ ದುಡೀತಾನ, ನನ್ನ ಗಾಡಿ ನೋಡಂಗಿಲ್ಲ' ಅಂತ ಅಂವ ನನ್ನ ಮಗಳ ಜೋಡಿ ಮಾತು ಬಿಟ್ಟಿದ್ದ. ನನ್ನ ಮಗಳು ಕೂಸಿನಂಗ ದಿನಾ ಫೋನಿನ್ಯಾಗ ಅಳತಿದ್ಲು. ಏನ್ ಮಾಡ್ಲಿ?"

"ನನಗ ಒಂದು ಮಾತು ಹೇಳಬೇಕಿತ್ತು. ನಾ ಓಡಸ್ತಿರಲಿಲ್ಲ. ಕೈನಾರ ಉಳೀತಿತ್ತು."

"ಕೇಳಿದ್ರ ನೀ ಕೊಡ್ತಿದ್ದಿ ಏನು?"

ಕೊಡುತ್ತಿರಲಿಲ್ಲ. ಸತ್ತರೂ ಕೊಡುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಆದರೆ ಸೊಟ್ಟ ಡ್ಯಾಂಪರ್ ನನ್ನ ಫೋರ್ಕಿಗೆ ತುಂಬುವಾಗ ನನ್ನ ಈ ಮಣಿಕಟ್ಟು ನೆನಪಾಗಲಿಲ್ಲವೇ? ಮೋಸಂಬಿ ಸುಲಿಯುತ್ತ ತಪ್ಪು ನಿನ್ನದೇ ಎನ್ನುವಾಗ ನಾಲಿಗೆ ತಡವರಿಸಲಿಲ್ಲವೇ? ಇದನ್ನೆಲ್ಲ ಕೇಳಿದೆ, ಗಲ್ಲಿ ಕೂಡುವಂತೆ ಕೂಗಾಡಿಯೇ ಕೇಳಿದೆ. "ನಿನಗ ಗಟ್ಟಿ ಎದಿ ಅದ ಮಗಳ, ನೀ ತಡಕೊಳ್ತಿ ಅಂತ…" ಎಂದು ಶುರು ಮಾಡಿದರು. "ಮಗಳ ಅನಬ್ಯಾಡ್ರಿ" ಎಂದು ಎದ್ದು ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ.

ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಹೋಗಬಾರದೆಂದುಕೊಂಡೇ ಹೋದೆ. ಅವರ ಹೆಂಡತಿ ಕಾಕು ನನ್ನ ಕೈ ಹಿಡಿದು ಬಂದವರಿಗೆಲ್ಲ "ಇಕಿ ಅವರಿಗೆ ಮಗಳಿದ್ದಂಗ" ಎಂದು ಹೇಳಿಕೊಂಡು ಅತ್ತರು. ಪಕ್ಕದಲ್ಲೇ ಅವರ ಸ್ವಂತ ಮಗಳು ಕೂತಿದ್ದಳು. ಇದ್ದಂಗ. ಹೌದು, ಅಷ್ಟೇ. ಅಳಿಯ ಎಲ್ಲರಿಗೂ ನೀರು ಕೊಡುತ್ತ ಓಡಾಡುತ್ತಿದ್ದ. ನನ್ನ ಕೈಗೂ ಲೋಟ ಕೊಟ್ಟ, "ಮಾವ ನಿಮ್ಮನ್ನು ಭಾಳ ನೆನಸ್ತಿದ್ರಿ" ಎಂದ. ಅವನ ಫೋರ್ಕಿನೊಳಗೆ ಏನಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ನಾನೂ ಹೇಳಲಿಲ್ಲ.

ಈಗ ನಮ್ಮ ಗುಂಪಿನ ಹುಡುಗಿಯರು ತಮ್ಮ ಗಾಡಿ ನನ್ನ ಹತ್ತಿರ ತರುತ್ತಾರೆ. ಓಡಿಸಲಾಗದಿದ್ದರೂ ಫೋರ್ಕು ಬದಲಿಸಿ ಕೊಡುತ್ತೇನೆ. ಮೊದಲು ಕೊಳವೆಯ ಮೇಲೆ ಹೆಬ್ಬೆರಳ ಚರ್ಮ ಎಳೆದು ನೋಡುತ್ತೇನೆ, ಅವರು ಮಾಡುತ್ತಿದ್ದಂತೆಯೇ. ಏನೂ ತಡೆಯುವುದಿಲ್ಲ, ನುಣ್ಣಗಿರುತ್ತದೆ. "ಚಲೋ ಅದ ಅಲ್ಲೇನಕ್ಕಾ, ಹಾಕಿಬಿಡೋಣ?" ಎಂದು ಅವಸರ ಮಾಡುತ್ತಾರೆ. ಆದರೂ ನಾನು ಪೂರ್ತಿ ಬಿಚ್ಚಿ, ಒಳಗಿನದನ್ನು ಕಣ್ಣಾರೆ ನೋಡದೆ ಕೂಡಿಸುವುದಿಲ್ಲ. ಬಿಚ್ಚುವುದನ್ನು ಕಲಿಸಿದವರು ಅವರೇ. ಬಿಚ್ಚದೆ ನಂಬಬಾರದು ಎಂದು ಕಲಿಸಿದವರೂ ಅವರೇ.