ಶ್ರದ್ಧಾ ಕೊಯ್ಯದ ಕಲ್ಲು

ನನ್ನ ತಂಗಿ ಶ್ರದ್ಧಾ ಕಲ್ಲಿನ ಮೇಲೆ ಪಿಎಚ್‌ಡಿ ಮಾಡಲು ಪುಣೆಗೆ ಹೋದಾಗ ಹುಕ್ಕೇರಿ ಪೇಟೆಯೆಲ್ಲ ನಕ್ಕಿತು. ನಾನೂ ನಕ್ಕವನೇ. ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಕೂತವನಿಗೆ, ಗವಿಯೊಳಗಿನ ಕಲ್ಲು ದೂರದ ಕಡಲಿನ ಸುದ್ದಿ ಹೇಳುತ್ತದೆ ಎಂದರೆ ತಲೆಬುಡ ತಿಳಿಯಬೇಕಲ್ಲ! ಅವಳೇ ಬಿಡಿಸಿ ಹೇಳಿದಳು: ಸುಣ್ಣಕಲ್ಲಿನ ಗವಿಯಲ್ಲಿ ಮಳೆನೀರು ತೊಟ್ಟಿಕ್ಕಿದಲ್ಲಿ ನೆಲದಿಂದ ಕಲ್ಲಿನ ಕಂಬ ಏಳುತ್ತದೆ, ಪದರದ ಮೇಲೆ ಪದರ. ಪ್ರತಿ ಪದರದಲ್ಲೂ ಅಂದಂದಿನ ಮಳೆಯ ಗುರುತು ಇರುತ್ತದೆ.

ಅವ್ವ ಪದ್ಮವ್ವ ಮಾತ್ರ ನಗಲಿಲ್ಲ. ಬಟಾಟೆ, ಉಳ್ಳಾಗಡ್ಡಿಗೆ ಹೊಸ್ತಿಲು ದಾಟಲು ಬಿಡದ ಜೈನ ಹೆಂಗಸು ಅವಳು. “ಬೆಳಿಯೋ ಕಲ್ಲಂದ್ರ ಅದಕ್ಕೂ ಜೀವ ಐತಿ. ಕೊಯ್ಯಬ್ಯಾಡವಾ,” ಎಂದಳು.

೨೦೦೩ರ ಬೇಸಿಗೆಯಲ್ಲಿ ಆಂಧ್ರದ ಗವಿಯೊಂದರಲ್ಲಿ ಶ್ರದ್ಧಾ ಗರಗಸ ಹಿಡಿದು ನಿಂತಳು. ಅವಳಿಗೆ ಬೇಕಿದ್ದದ್ದು ಕಳೆದ ಸಾವಿರ ವರ್ಷದ ಮಳೆ. ಅಂದರೆ ಇನ್ನೂ ಬೆಳೆಯುತ್ತಿರುವ ಕಂಬ. ಅಷ್ಟರಲ್ಲಿ ಅದರ ನೆತ್ತಿಗೆ ಹನಿಯೊಂದು ಬಿತ್ತು. ಅವ್ವನ ಮಾತು ನೆನಪಾಗಿ ಕೊಯ್ಯಲು ಕೈ ಏಳಲಿಲ್ಲವಂತೆ. ಎಂದೋ ಮುರಿದು ಪಕ್ಕದಲ್ಲಿ ಬಿದ್ದಿದ್ದ ತುಂಡನ್ನೇ ಹೊತ್ತು ತಂದಳು.

ವರ್ಷ ಕಳೆದು ಕಲ್ಲಿನ ವಯಸ್ಸಿನ ವರದಿ ಬಂತು. ಅದು ಬೆಳೆಯಲು ಶುರುಮಾಡಿದ್ದು ಹದಿನಾಲ್ಕು ಸಾವಿರ ವರ್ಷಗಳ ಹಿಂದೆ, ನಿಲ್ಲಿಸಿದ್ದು ಹನ್ನೊಂದು ಸಾವಿರ ವರ್ಷಗಳ ಹಿಂದೆ. ಅವಳ ವಿಷಯಕ್ಕೆ ಎಳ್ಳಷ್ಟೂ ಉಪಯೋಗವಿಲ್ಲ. ಮಾರ್ಗದರ್ಶಕರು ಸಿಟ್ಟಾಗಿ, ವಿಷಯ ಬದಲಿಸಿ ಮೊದಲಿಂದ ಮಾಡು, ಇಲ್ಲವೇ ಬಿಡು ಎಂದರು. ಬಿಡುವುದೆಂದೇ ತೀರ್ಮಾನಿಸಿ, ಸೀಳಿದ ಕಲ್ಲಿನ ಅರ್ಧ ಹೋಳನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು. ಅವ್ವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಂಗಿಯ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

ಶ್ರದ್ಧಾ ಹೋಳನ್ನು ಅಂಗಳದ ಬಿಸಿಲಿಗೆ ಹಿಡಿದಳು. ಹಾಲುಬಣ್ಣದ ಪದರಗಳ ನಡುವೆ ಒಂದು ಕಂದು ಪಟ್ಟಿ. ಅವ್ವ ಅದರ ಮೇಲೆ ಬೆರಳಿಟ್ಟಳು.

“ಇದೇನವಾ?”

“ಅಟ್ಲಾಂಟಿಕ್ ಅಂತ ದೂರದ ಕಡಲು ಐತಿ. ಈ ಪಟ್ಟಿ ಮೂಡಿದಾಗ ಅದರಾಗಿನ ನೀರಿನ ಹರಿವು ಸೋತಿತ್ತು. ಅಲ್ಲಿ ಸೋತ್ರ ಇಲ್ಲಿ ಮಳಿ ಸೊರಗತೈತಿ. ನಿನ್ನ ಬೆರಳಿನ ಬುಡಕ ಸಾವಿರ ವರ್ಷ ಐತಿ ನೋಡು.”

ನನಗೆ ಮೈ ಜುಮ್ಮೆಂದಿತು. ನಾವ್ಯಾರೂ ಕಾಣದ ಕಡಲು ನಮ್ಮ ಮಳೆಯನ್ನು ಹಿಡಿದಿಟ್ಟಿತ್ತು. ಅಂಥ ಸಾವಿರ ಮಳೆಗಾಲಗಳು ಅವ್ವನ ಒಂದು ಬೆರಳಡಿ ಮುಚ್ಚಿಹೋಗಿದ್ದವು! ಅವ್ವ ಬೆರಳು ತೆಗೆಯಲಿಲ್ಲ.

“ಸಾವಿರ ವರ್ಷ ಮಳಿ ಕಡಿಮಿ ಆದ್ರ, ಆಗಿನ ಮಂದಿ ಹೆಂಗ ಉಳದ್ರು?”

ಪುಣೆಯಲ್ಲಿ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಶ್ರದ್ಧಾ ಅವ್ವನ ಬೆರಳಿನ ಪಕ್ಕ ತನ್ನ ಬೆರಳನ್ನೂ ಇಟ್ಟಳು. ಕಣ್ಣು ತುಂಬಿದ್ದವು.

“ಗೊತ್ತಿಲ್ಲವ್ವ. ಈ ಕಲ್ಲು ನಾ ಬಿಡಂಗಿಲ್ಲ, ಇದರ ಮ್ಯಾಲೇ ಮೊದಲಿಂದ ಓದ್ತೇನಿ,” ಎಂದಳು. “ಆದ್ರ ಉಳದಾರ. ಇವತ್ತ ನಾವು ಅದೇವಲ್ಲ.”