ಒಂದೇ ಉರುಳಿಯ ಹಸು, ಒಂಟೆ, ಆನೆ

ಪೈವಳಿಕೆಯ ವೆಂಕಟಕೃಷ್ಣನನ್ನು ಊರಿನವರು ವೈದ್ಯರೇ ಎಂದು ಕರೆಯುತ್ತಾರೆ. ನಾನು ಕರೆಯುವುದಿಲ್ಲ. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವನು ಕೆಲಸ ಹೋದ ಮೇಲೆ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಲು ಕುಳಿತ. ಅವನ ಒಲೆ ನಮ್ಮ ಬೇಲಿಯ ಆಚೆಗೇ ಇರುವುದರಿಂದ ಇಷ್ಟನ್ನು ಖಚಿತವಾಗಿ ಬರೆಯಬಲ್ಲೆ: ಕಾಯಿಸುವ ಪಾತ್ರೆ, ಆ ಉರುಳಿ, ಒಂದು; ಎಣ್ಣೆಯೂ ಒಂದೇ. ಸೀಸೆಗೆ ಅಂಟಿಸುವ ಚೀಟಿ ಮಾತ್ರ ಮೂರು ಬಗೆ. ಭಟ್ಟರ ಮನೆಗಳಿಗೆ ಹಸುವಿನ ಚಿತ್ರದ್ದು. ಗಲ್ಫಿನಿಂದ ಬಂದ ಮುಲಾಮನ್ನಷ್ಟೇ ನಂಬುವ ಬ್ಯಾರಿ ಮನೆಗಳಿಗೆ ಒಂಟೆಯದ್ದು. ಹಟ ಹಿಡಿದ ನೋವಿಗೆ, ಹೆಚ್ಚು ಬೆಲೆಗೆ, ಆನೆಯದ್ದು. ಒಂಟೆಯನ್ನು ಅವನು ಕಂಡದ್ದು ಕ್ಯಾಲೆಂಡರಿನಲ್ಲಿ.

2011ರ ಬೇಸಗೆಯಲ್ಲಿ ನೆರೆಮನೆಯ ಉಮ್ಮಾಲಿಮ್ಮನ ಅಂಗಾಲಿನಲ್ಲಿ ಹುಣ್ಣಾಯಿತು. ಅವರಿಗೆ ಸಕ್ಕರೆ ಕಾಯಿಲೆ. ವೆಂಕಟಕೃಷ್ಣ ಜಗಲಿಯಲ್ಲಿ ಕುಳಿತು, ಸೀಸೆ ತಿರುಗಿಸಿ ಒಂಟೆಯನ್ನು ತೋರಿಸಿದ.

"ಮರುಭೂಮಿಯಲ್ಲಿ ನಡೆದರೂ ಇದರ ಪಾದ ಒಡೆಯುವುದುಂಟಾ, ಉಮ್ಮಾ? ನಿಮ್ಮದೂ ಹಾಗೆಯೇ ಆಗ್ತದೆ."

ತಿಂಗಳು ತುಂಬುವುದರೊಳಗೆ ಕಿರುಬೆರಳು ಕಪ್ಪಾಯಿತು. ಮಂಗಳೂರಿಗೆ ಹೋಗದಿದ್ದರೆ ಕಾಲೇ ಹೋಗುತ್ತದೆ ಎಂದು ಮಗಳು ರಂಶೀನಾ ಅತ್ತಳು. ವೈದ್ಯರು ಹೇಳಲಿ, ಆಗ ಹೋಗುತ್ತೇನೆ ಎಂದರು ಉಮ್ಮಾಲಿಮ್ಮ. ರಂಶೀನಾ ಅವನ ಒಲೆಯ ಬಳಿಗೇ ಹೋದಳು.

"ನೀವು ಬಂದು ಒಂದು ಮಾತು ಹೇಳಿ, ಸಾಕು. ಇದು ಬರೀ ತೆಂಗಿನೆಣ್ಣೆ ಅಂತ."

ಬಂದ. ಕಾಲು ನೋಡಿ ಮುಖ ತಿರುಗಿಸಿದ. ಅವನಿಗೆ ಎಲ್ಲವೂ ಅರ್ಥವಾಗಿತ್ತು. ತಿಳಿಯದೆ ಮಾಡಿದ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಅದಕ್ಕೇ. ಚೀಲದಿಂದ ಇನ್ನೊಂದು ಸೀಸೆ ತೆಗೆದ.

"ಇದು ಒಂಟೆಗೆ ಬಗ್ಗುವ ಹುಣ್ಣಲ್ಲ. ಆನೆಯೇ ಬೇಕು."

ಉಮ್ಮಾಲಿಮ್ಮ ಮುಚ್ಚಳ ಬಿಚ್ಚಿ ಮೂಸಿದರು. ಒಂಟೆಯ ಸೀಸೆಯನ್ನೂ ಮೂಸಿದರು. ಮತ್ತೆ ಆನೆಯದ್ದನ್ನು.

"ಎಂತ ಮಾರಾಯ, ನಿನ್ನ ಆನೆಯನ್ನು ಹೆತ್ತದ್ದು ಒಂಟೆಯಾ?"

"ಅದು... ಮೂಲಿಕೆ ಒಂದೇ ಉಮ್ಮಾ, ಶಕ್ತಿ ಬೇರೆ ಬೇರೆ."

"ಶಕ್ತಿ ಉಂಟಲ್ಲ? ಹಾಗಾದರೆ ಅದರ ಬೆನ್ನ ಮೇಲೆಯೇ ಕೂತು ಮನೆಗೆ ಹೋಗು. ರಂಶೀ, ಜೀಪಿಗೆ ಹೇಳು."

ಮಂಗಳೂರಿನಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಉಮ್ಮಾಲಿಮ್ಮ ಈಗ ಕೋಲೂರಿಕೊಂಡು ಪೇಟೆಗೆ ಬರುತ್ತಾರೆ. ದೂರದಿಂದಲೇ ಅವರತ್ತ ಕೈ ತೋರಿಸಿ ವೆಂಕಟಕೃಷ್ಣ ಹೊಸ ಗಿರಾಕಿಗಳಿಗೆ ಹೇಳುತ್ತಾನೆ: "ಡಾಕ್ಟರು ಮೊಣಕಾಲಿನಿಂದಲೇ ಕಡಿಯಬೇಕು ಅಂದಿದ್ದರು. ಇವತ್ತು ನಡೆಯುತ್ತಾ ಇದ್ದಾರಲ್ಲ, ಅದು ನಮ್ಮ ಎಣ್ಣೆ."