ಪೀಠಿಕೆಗೇ ಹೋದ ಮೂರು ತಾಸು

ನಮ್ಮ ಕಾಕಾ ಕಿತ್ತೂರಿನಲ್ಲಿ ಕನ್ನಡ ಮಾಸ್ತರರಾಗಿದ್ದವರು. ಸುತ್ತಮುತ್ತ ಎಲ್ಲೇ ಪ್ರಬಂಧ ಸ್ಪರ್ಧೆಯಿರಲಿ, ತೀರ್ಪುಗಾರರು ಅವರೇ. ಅವರದೊಂದು ಕಟ್ಟಪ್ಪಣೆ: ವಿಷಯ ಯಾವುದೇ ಇರಲಿ, ಪೀಠಿಕೆ ಕಿತ್ತೂರಿನ ಇತಿಹಾಸದಿಂದಲೇ ಶುರುವಾಗಬೇಕು. ಪರಿಸರವೆಂದರೂ ಕಿತ್ತೂರು, ಕ್ರಿಕೆಟ್ಟೆಂದರೂ ಕಿತ್ತೂರು. ಹಾಗೆ ಬರೆದೇ ನಾನು ಬೈಲಹೊಂಗಲದ ಶಾಲೆಯಲ್ಲಿದ್ದಾಗ ಬಹುಮಾನದ ಸ್ಟೀಲ್ ಡಬ್ಬಿಗಳನ್ನು ಮನೆತುಂಬ ತಂದಿಟ್ಟಿದ್ದೆ.

ಮುಂದೆ ಸರಕಾರಿ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಕೂತೆ. ವಯೋಮಿತಿಯ ಪ್ರಕಾರ ಅದೇ ನನ್ನ ಕಡೆಯ ಅವಕಾಶ. ಮೂರು ತಾಸಿನಲ್ಲಿ ಎರಡು ಪ್ರಬಂಧ. ಕಾಕಾ ದಿನಾ ಸಂಜೆ ಬಂದು ಬರೆಸಿದರು. ಸ್ವಲ್ಪ ಬೇಗ ಬೇಗ ಬರೆದರೆ ಪೆನ್ನನ್ನೇ ಕಸಿದುಕೊಳ್ಳುತ್ತಿದ್ದರು.

"ಯಾಕಿಷ್ಟು ಗಡಿಬಿಡಿ ತಂಗಿ? ಬಸ್ ಹೊಂಟದೇನು? ಪೀಠಿಕಿ ಚೊಲೊ ಆತಂದ್ರ ಉಳದದ್ದು ತಾನ ಬರ್ತದ."

ತಾನೇ ಬರುತ್ತದಂತೆ! ಯಾವಾಗ ಬರುತ್ತದೆ ಎಂದು ಮಾತ್ರ ಹೇಳಲಿಲ್ಲ.

ಪರೀಕ್ಷೆಯಲ್ಲಿ ಮೊದಲ ವಿಷಯ ಅಂತರ್ಜಲ. ಸವದತ್ತಿ ಕಡೆಯ ಬತ್ತಿದ ಬೋರ್‌ವೆಲ್ಲುಗಳ ಬಗ್ಗೆ ಬರೆಯಲು ತಲೆಯಲ್ಲಿ ಬೇಕಾದಷ್ಟಿತ್ತು. ಆದರೆ ಕೈ ಕಿತ್ತೂರಿನ ಕೋಟೆ ಕಟ್ಟುತ್ತ ಕೂತಿತು. ಕೋಟೆಯಿಂದ ಕೆರೆಗೆ, ಕೆರೆಯಿಂದ ಬೋರ್‌ವೆಲ್ಲಿಗೆ ಬರುವಷ್ಟರಲ್ಲಿ ಪುಟಗಟ್ಟಲೆ ಆಗಿತ್ತು. "ಇನ್ನ ಅರ್ಧಾ ತಾಸ್ ಐತ್ರಿ" ಎಂದು ಮೇಲ್ವಿಚಾರಕಿ ಕೂಗಿದಾಗಲೇ ನಾನು ಗಡಿಯಾರ ನೋಡಿದ್ದು. ಎರಡನೆಯ ವಿಷಯ, ಹೆಣ್ಣುಮಕ್ಕಳ ಉದ್ಯೋಗ, ಮುಟ್ಟಿಯೇ ಇರಲಿಲ್ಲ. ಆಗಲಾದರೂ ನೇರ ವಿಷಯಕ್ಕೆ ಇಳಿಯಬಾರದಿತ್ತೇ? ಹಾಳಾದ ರೂಢಿ, ಮತ್ತೆ ಕಿತ್ತೂರಿನಿಂದಲೇ ಹಿಡಿದೆ. ರಾಣಿ ಕುದುರೆ ಏರಿ ಕತ್ತಿ ಎತ್ತಿದ್ದಳು, ಗಂಟೆ ಬಾರಿಸಿತು. ಉದ್ಯೋಗದ ಬಗ್ಗೆ ಒಂದು ಸಾಲೂ ಬರೆಯದ ಪತ್ರಿಕೆಯನ್ನು ಕೊಟ್ಟು ಎದ್ದೆ.

ಪ್ರಬಂಧದಲ್ಲೇ ನಪಾಸಾದೆ. ಫಲಿತಾಂಶದ ಮರುದಿನ ಕಾಕಾ ಬಂದು ಚಹಾ ಕುಡಿಯುತ್ತ, "ಪೇಪರ್ ತಿದ್ದಿದಾಂವಗ ಇತಿಹಾಸನ ಗೊತ್ತಿಲ್ಲ ಬಿಡು" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಹಿರಿಯರೆಂದು ನೋಡಲಿಲ್ಲ.

"ಕಾಕಾ, ನೀವು ಒಮ್ಮೆರ ಗಡಿಯಾರ ಮುಂದಿಟ್ಕೊಂಡು ಪ್ರಬಂಧ ಬರದೀರೇನ್ರಿ?"

ಅವರು ಕಪ್ಪು ಕೆಳಗಿಟ್ಟರು. "ಇಲ್ಲವಾ. ನಮ್ಮ ಸ್ಪರ್ಧಾಕ್ಕ ಎಲ್ಲಾರೂ ಮನ್ಯಾಗ ಬರದ ತಂದು ಕೊಡ್ತಿದ್ರು. ನಾ ಕೂತು ಓದತಿದ್ದೆ, ಅಷ್ಟ."

ಅವ್ವ ಅಡುಗೆಮನೆಯಿಂದ ಇಣುಕಿ ನೋಡಿದಳು. ಕಾಕಾ ಎದ್ದು ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ಪ್ರೀತಿಯಿಂದಲೇ ಹೇಳಿದರು:

"ಇರ್ಲಿ ತಂಗಿ, ಮುಂದಿನ ವರ್ಷ ಮತ್ತ ಪರೀಕ್ಷಾಕ್ಕ ಕೂಡು."

ನನ್ನ ವಯೋಮಿತಿ ಮುಗಿದದ್ದೂ ಅವರಿಗೆ ನೆನಪಿರಲಿಲ್ಲ.